ದಿನಾ ಓಡಿಸೋಕೆ ಸ್ಪೋರ್ಟಿ ಹ್ಯಾಚ್‌ಬ್ಯಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೆ ಐದು ದಿನ ಆಫೀಸು, ಶನಿವಾರ ಸಂತೆ, ಹಬ್ಬ ಬಂದರೆ ಊರು. ಮನೆಯಲ್ಲಿ ಇರೋದು ಒಂದೇ ಕಾರು. ಆದರೂ ಸ್ಟಿಯರಿಂಗ್ ಹಿಡಿದಾಗ ಖುಷಿ ಆಗಬೇಕು. ಹೀಗೆ ಯೋಚಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಥ ಕಾರನ್ನು ನಿಮ್ಮ ವಾರದ ಅತಿ ಕೆಟ್ಟ ಒಂದು ಗಂಟೆಯನ್ನು ಮನಸ್ಸಲ್ಲಿಟ್ಟುಕೊಂಡು ಆರಿಸಿ. ಖಾಲಿ ಹೈವೇಯಲ್ಲಿ ಯಾವ ಕಾರಾದರೂ ಚೆನ್ನಾಗಿಯೇ ಓಡುತ್ತದೆ. ಸಂಜೆ ಏಳಕ್ಕೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಾಗಲೂ ಕಾಟ ಕೊಡದ ಕಾರು ಮಾತ್ರ ದಿನಾ ಓಡಿಸಲು ಲಾಯಕ್ಕು.

ನಮ್ಮಲ್ಲಿ ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಅಂದರೆ ಯಾವ ಕಾರುಗಳು?

ಯುರೋಪಿನಲ್ಲಾದರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಥರದವು. ಎರಡು ಲೀಟರ್ ಟರ್ಬೋ ಎಂಜಿನ್ (ಟರ್ಬೋ ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಪಂಪು), ಇನ್ನೂರಕ್ಕಿಂತ ಜಾಸ್ತಿ ಪಿಎಸ್ ಶಕ್ತಿ. 2025ರಲ್ಲಿ ಅದು ಇಲ್ಲಿಗೂ ಬಂತು. ಆದರೆ ಪೂರ್ತಿ ಆಮದು ಕಾರು, ಬಂದಾಗ ಬೆಲೆ 53 ಲಕ್ಷದ ಆಸುಪಾಸು ಇತ್ತು. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ.

ನಮ್ಮ ದೇಶದಲ್ಲಿ ಹ್ಯಾಚ್‌ಬ್ಯಾಕ್‌ನ ಅಳತೆಯನ್ನು ತೀರ್ಮಾನಿಸಿರುವುದು ತೆರಿಗೆ. ಉದ್ದ ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು. ಹಾಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18%. ಮೀರಿದರೆ 40%. ಅದಕ್ಕೇ ಕಂಪನಿಗಳು ಪುಟ್ಟ ಎಂಜಿನ್‌ಗೆ ಟರ್ಬೋ ಕೂರಿಸಿ ಶಕ್ತಿ ಹೊರಡಿಸುತ್ತವೆ. 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್‌ನಲ್ಲಿ 998 ಸಿಸಿ ಎಂಜಿನ್, 120 ಪಿಎಸ್ ಶಕ್ತಿ, 172 ಎನ್‌ಎಂ ಟಾರ್ಕ್ (ಅಂದರೆ ಎಂಜಿನ್‌ನ ಎಳೆಯುವ ಬಲ). 2024ರ ಜೂನ್‌ನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್‌ನಲ್ಲಿ 1.2 ಲೀಟರ್, 120 ಪಿಎಸ್, 170 ಎನ್‌ಎಂ.

ಸೆಕೆಂಡ್ ಹ್ಯಾಂಡ್‌ಗೆ ಹೋದರೆ ಆಯ್ಕೆ ಇನ್ನೂ ರುಚಿಯಾಗಿದೆ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, 2017ರ ಬಲೆನೊ ಆರ್‌ಎಸ್, 2018ರ ಟಿಯಾಗೊ ಜೆಟಿಪಿ, 145 ಪಿಎಸ್‌ನ ಅಬಾರ್ತ್ ಪುಂಟೊ. ಈ ಜಾತಿಯ ಕಾರು ನಮ್ಮಲ್ಲಿ ಹೆಚ್ಚು ಮಾರಾಟ ಆಗುವುದಿಲ್ಲ, ಕಂಪನಿಗಳು ಸದ್ದಿಲ್ಲದೆ ನಿಲ್ಲಿಸಿಬಿಡುತ್ತವೆ. ಮನಸ್ಸು ಮಾಡಿದ ಮಾಡೆಲ್ ಈಗಲೂ ಬುಕಿಂಗ್‌ಗೆ ಇದೆಯಾ ಅಂತ ಮೊದಲು ಶೋರೂಮ್‌ಗೆ ಒಂದು ಫೋನ್ ಮಾಡಿ.

ಟ್ರಾಫಿಕ್ ತುಂಬಿದ ಊರಲ್ಲಿ 120 ಪಿಎಸ್ ಯಾತಕ್ಕೆ ಬೇಕು?

ಸಿಟಿಯಲ್ಲಿ ಉಪಯೋಗಕ್ಕೆ ಬರುವುದು ಪಿಎಸ್‌ಗಿಂತ ಟಾರ್ಕ್. ಸಾದಾ ಐ20ಯ 1.2 ಲೀಟರ್ ಎಂಜಿನ್ ಕೊಡುವುದು 115 ಎನ್‌ಎಂ, ಅದೂ ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ. ಎನ್ ಲೈನ್‌ನ 172 ಎನ್‌ಎಂ 1500 ಆರ್‌ಪಿಎಂನಲ್ಲೇ ಸಿಗುತ್ತದೆ. ಫ್ಲೈಓವರ್ ಹತ್ತುವಾಗ, ಔಟರ್ ರಿಂಗ್ ರೋಡ್‌ನ ಸರ್ವಿಸ್ ರಸ್ತೆಯಿಂದ ಮೇನ್ ರೋಡ್‌ಗೆ ಸೇರುವಾಗ ಎಂಜಿನ್ ಕಿರುಚಿಸುವ ಕೆಲಸವೇ ಇಲ್ಲ.

ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಹಾಕಿಕೊಂಡು ಶಿರಾಡಿ ಘಾಟಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. ನಿಮ್ಮ ಮುಂದೆ ಮಂಗಳೂರು ಬಂದರಿನಿಂದ ಲೋಡ್ ಹೊತ್ತ ಲಾರಿ. ಓವರ್‌ಟೇಕ್ ಮಾಡಲು ಸಿಗುವ ಜಾಗ ಚಿಕ್ಕದು. ಅಲ್ಲಿ ಆ ಟಾರ್ಕ್ ಸುರಕ್ಷತೆಯ ವಿಷಯ. ಎದುರು ಬರುವವರ ಬದಿಯಲ್ಲಿ ಇರುವ ಸಮಯ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು.

ಒಂದು ಎಚ್ಚರಿಕೆ. 1500 ಆರ್‌ಪಿಎಂ ಕೆಳಗೆ ಟರ್ಬೋ ಇನ್ನೂ ಎದ್ದಿರುವುದಿಲ್ಲ. ಹಂಪ್ ದಾಟಿ ಎರಡನೇ ಗೇರ್‌ನಲ್ಲೇ ಎಳೆಯಲು ಹೋದರೆ ಒಂದು ಕ್ಷಣ ಕಾರು ಮಂಕಾಗುತ್ತದೆ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಇದನ್ನೇ ಮುಖ್ಯವಾಗಿ ಗಮನಿಸಿ.

ಮ್ಯಾನ್ಯುಯಲ್ಲಾ, ಆಟೋಮ್ಯಾಟಿಕ್ಕಾ?

ಎಲ್ಲಕ್ಕಿಂತ ಜಾಸ್ತಿ ಚರ್ಚೆ ಆಗುವುದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಓಡಿಸುವ ಖುಷಿಗೆ ಮ್ಯಾನ್ಯುಯಲ್‌ಗೆ ಸಾಟಿಯಿಲ್ಲ, ನಿಜ. ಆದರೆ ಕ್ಲಚ್ ಪೆಡಲ್‌ನ ಭಾರ ಕಾರಿನಿಂದ ಕಾರಿಗೆ ಬೇರೆ. ಮಾರತ್ತಹಳ್ಳಿಯಿಂದ ಬೆಳ್ಳಂದೂರಿಗೆ ತೆವಳಿಕೊಂಡು ಹೋಗುವಾಗ ಕ್ಲಚ್ ಎಷ್ಟು ಸಲ ಒತ್ತುತ್ತೀರಿ ಅಂತ ಒಮ್ಮೆ ಗಮನಿಸಿ ನೋಡಿ. ಮೊಣಕಾಲು ನೋವು ಇರುವವರು ಇಲ್ಲಿ ಹಟ ಮಾಡಬಾರದು. ಪೆಡಲ್ ಎಲ್ಲಿ ಹಿಡಿಯುತ್ತದೆ ಅನ್ನುವುದೂ ಮುಖ್ಯ. ತೀರಾ ಮೇಲೆ ಹಿಡಿದರೆ ಕಾಲನ್ನು ಪ್ರತಿ ಸಲ ಪೂರ್ತಿ ಎತ್ತಬೇಕಾಗುತ್ತದೆ, ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ.

ಆಟೋಮ್ಯಾಟಿಕ್‌ನಲ್ಲಿ ಇಲ್ಲಿ ಗಮನಿಸಬೇಕಾದ್ದು ಮೂರು ಬಗೆ. ಅಗ್ಗದ ಕಾರುಗಳಲ್ಲಿ ಬರುವ ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸ್‌ನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವುದು) ಗೇರ್ ಬದಲಿಸುವಾಗ ತಲೆ ಮುಂದಕ್ಕೆ ಬಾಗುತ್ತದೆ. ಸ್ಪೋರ್ಟಿ ಕಾರಿಗೆ ಅದು ಹೊಂದುವುದಿಲ್ಲ. ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವುದು, ನಯವಾಗಿ ತೆವಳುತ್ತದೆ, ಟ್ರಾಫಿಕ್‌ಗೆ ಹೇಳಿ ಮಾಡಿಸಿದ್ದು. ಮೂರನೆಯದು ಎರಡು ಕ್ಲಚ್ ಇರುವ ಡ್ಯುಯಲ್ ಕ್ಲಚ್, ಅಂದರೆ ಡಿಸಿಟಿ. ಐ20 ಎನ್ ಲೈನ್‌ನ 7 ಸ್ಪೀಡ್ ಡಿಸಿಟಿ ಮತ್ತು ಹಳೇ ಪೋಲೋ ಜಿಟಿಯ ಡಿಎಸ್‌ಜಿ ಈ ಗುಂಪಿನವು. ಹೈವೇಯಲ್ಲಿ ಗೇರ್ ಬದಲಾದದ್ದೇ ಗೊತ್ತಾಗುವುದಿಲ್ಲ, ಅಷ್ಟು ಚುರುಕು. ಆದರೆ ಇವೆರಡೂ ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್. ಇಂಚಿಂಚೇ ಚಲಿಸುವಾಗ ಕ್ಲಚ್ ಪ್ಲೇಟ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ, ಬಿಸಿ ಏರುತ್ತದೆ.

ಡಿಸಿಟಿ ತಗೊಂಡರೆ ಎರಡು ಅಭ್ಯಾಸ ಮಾಡಿಕೊಳ್ಳಿ. ಮುಂದಿನ ಕಾರು ಮೂರಡಿ ಸರಿಯಿತು ಅಂತ ನೀವೂ ಮೂರಡಿ ಸರಿಯಬೇಡಿ. ಒಂದು ಕಾರಿನಷ್ಟು ಜಾಗ ಬಿಡಲಿ, ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು ಒಂದೇ ಸಲ ಹೋಗಿ. ಮತ್ತೆ, ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದಿಡಬೇಡಿ, ಬ್ರೇಕ್ ಒತ್ತಿ. ದಿನಕ್ಕೆ ಎರಡು ಗಂಟೆ ಬಂಪರ್ ಟು ಬಂಪರ್ ಇರುವವರಿಗೆ ನಾನು ಡ್ರೈ ಕ್ಲಚ್ ಡಿಸಿಟಿ ಹೇಳುವುದಿಲ್ಲ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಟ್ರಾಫಿಕ್‌ಗೆ ಆರಾಮಾಗಿ ತಗೊಳ್ಳಿ.

ಆಲ್ಟ್ರೋಜ್ ರೇಸರ್ ಬಂದದ್ದು 6 ಸ್ಪೀಡ್ ಮ್ಯಾನ್ಯುಯಲ್‌ನಲ್ಲಿ ಮಾತ್ರ. ಅಲ್ಲಿ ಈ ಚರ್ಚೆಯೇ ಇಲ್ಲ.

ಸಸ್ಪೆನ್ಷನ್ ಗಟ್ಟಿ ಅಂತಾರೆ. ನಮ್ಮ ಗುಂಡಿ ರಸ್ತೆಯಲ್ಲಿ ಸೊಂಟ ಹೋಗಲ್ವಾ?

ಗಟ್ಟಿ ಇರುವುದು ಬೇರೆ, ಒರಟಾಗಿರುವುದು ಬೇರೆ. ತೀರಾ ಮೆತ್ತಗಿನ ಸಸ್ಪೆನ್ಷನ್ ಮೊದಲ ಹಂಪ್ ಮೇಲೆ ಹಾಯಾಗಿರುತ್ತದೆ, ಆದರೆ ದಾಟಿದ ಮೇಲೂ ಎರಡು ಸಲ ತೂಗುತ್ತದೆ. ಹಿಂದೆ ಕೂತವರಿಗೆ ವಾಂತಿ ಬರುವುದು ಇಂಥ ತೂಗಾಟದಿಂದ. ಚೆನ್ನಾಗಿ ಹೊಂದಿಸಿದ ಗಟ್ಟಿ ಸಸ್ಪೆನ್ಷನ್ ಒಂದೇ ಸಲ ‘ಧಡ್’ ಅಂತ ಇಳಿದು ಅಲ್ಲೇ ಕೂರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಶೋರೂಮ್‌ನವರು ಸಾಮಾನ್ಯವಾಗಿ ಹೊಸ ಟಾರು ಹಾಕಿದ ರಸ್ತೆಗೇ ಕರೆದೊಯ್ಯುತ್ತಾರೆ. ನೀವು ಬೇರೆ ರಸ್ತೆ ಕೇಳಿ. ಹೊರಡುವ ಮುಂಚೆ ಟೈರ್‌ನ ಗಾಳಿ ನೋಡಿ. ಹೊಸ ಕಾರುಗಳಲ್ಲಿ ಸಾಗಣೆಗೆಂದು ತುಂಬಿದ ಹೆಚ್ಚಿನ ಗಾಳಿ ಕೆಲವೊಮ್ಮೆ ಹಾಗೇ ಉಳಿದಿರುತ್ತದೆ, ಆಗ ಎಂಥ ಕಾರೂ ಒರಟು ಅನಿಸುತ್ತದೆ. ಡ್ರೈವರ್ ಬಾಗಿಲಿನ ಕಂಬದ ಸ್ಟಿಕರ್‌ನಲ್ಲಿರುವ ಅಳತೆಗೆ ತರಿಸಿ. ಆಮೇಲೆ ಒಂದು ಹಂಪ್‌ ಅನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ದಾಟಿ, ಹಿಂದಿನ ಚಕ್ರ ಇಳಿದ ಮೇಲೆ ಎಷ್ಟು ಸಲ ಕುಲುಕುತ್ತದೆ ಎಣಿಸಿ. ನಂತರ ಕೇಬಲ್‌ಗೆ ಅಗೆದು ಅರ್ಧಂಬರ್ಧ ಮುಚ್ಚಿದ ರಸ್ತೆಯಲ್ಲಿ 30ರಲ್ಲಿ ಹೋಗಿ. ಅಲ್ಲಿ ಚೂಪಾದ ಏಟು ಸ್ಟಿಯರಿಂಗ್‌ವರೆಗೆ ಬಂದರೆ ದಿನಾ ಅದೇ ಬರುತ್ತದೆ ಅಂತ ಲೆಕ್ಕ.

ಕೊನೆಗೆ ಹಿಂದಿನ ಸೀಟಿನಲ್ಲಿ ನೀವೇ ಕೂತು, ಮನೆಯವರ ಕೈಗೆ ಕಾರು ಕೊಟ್ಟು ಅದೇ ದಾರಿಯಲ್ಲಿ ಇನ್ನೊಂದು ಸಲ ಹೋಗಿ. ಹಿಂದಿನ ಸೀಟಿನ ಅನುಭವ ಡ್ರೈವರ್‌ಗೆ ಗೊತ್ತಾಗುವುದೇ ಇಲ್ಲ.

16 ಇಂಚಿನ ಚಕ್ರ ತೆಗೆದು 17 ಇಂಚು ಹಾಕಿಸಲಾ?

ಬೇಡ. ಲೆಕ್ಕ ನೋಡಿ. 185/65 ಆರ್15 ಅಂದರೆ ಅಗಲ 185 ಮಿ.ಮೀ., ಪಕ್ಕದ ಗೋಡೆ ಅದರ 65%, ಚಕ್ರ 15 ಇಂಚು. ಈ ಟೈರ್‌ನ ಪಕ್ಕದ ಗೋಡೆ ಸುಮಾರು 120 ಮಿ.ಮೀ. ಎತ್ತರ. ಎನ್ ಲೈನ್‌ಗೆ ಬರುವ 195/55 ಆರ್16ರಲ್ಲಿ 107 ಮಿ.ಮೀ. ಹೊರಗೆ ಜನ ಹಾಕಿಸುವ 215/45 ಆರ್17ರಲ್ಲಿ 97. ಗುಂಡಿಯ ಏಟನ್ನು ಮೊದಲು ತಿನ್ನುವುದು ಈ ರಬ್ಬರ್ ಗೋಡೆ. ಅದು ಚಿಕ್ಕದಾದಷ್ಟೂ ಏಟು ನೇರ ರಿಮ್‌ಗೆ ಬೀಳುತ್ತದೆ. ರಿಮ್ ಸೊಟ್ಟಗಾಗುತ್ತದೆ, ಟೈರ್‌ನ ಪಕ್ಕದಲ್ಲಿ ಬುಗುಟು ಏಳುತ್ತದೆ. ಬುಗುಟು ಎದ್ದ ಟೈರ್ ರಿಪೇರಿ ಆಗಲ್ಲ, ಬಿಸಾಕಬೇಕು.

ಇನ್ನೊಂದು ವಿಷಯ ಬಹಳ ಜನ ಗಮನಿಸಿಲ್ಲ. 185/65 ಆರ್15 ಮತ್ತು 195/55 ಆರ್16, ಎರಡರ ಹೊರಗಿನ ವ್ಯಾಸ ಹೆಚ್ಚುಕಡಿಮೆ ಒಂದೇ, 621 ಮಿ.ಮೀ. ಬ್ರೇಕ್‌ಗೆ ಜಾಗ ಸಾಲುವ ಕಾರಾದರೆ ಒಂದು ಇಂಚು ಚಿಕ್ಕ ಚಕ್ರಕ್ಕೆ ಇಳಿದರೂ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಚಕ್ರಕ್ಕೆ ಖರ್ಚು ಮಾಡುವ ದುಡ್ಡನ್ನು ಅದೇ ಅಳತೆಯ ಒಳ್ಳೆಯ ಟೈರ್‌ಗೆ ಹಾಕಿ. ಮಳೆಯಲ್ಲಿ ಬ್ರೇಕ್ ಒತ್ತಿದಾಗ ವ್ಯತ್ಯಾಸ ತಿಳಿಯುತ್ತದೆ.

ತಳ ತಾಗುತ್ತಾ?

ತಾಗುತ್ತದೆ, ಕೆಲವು ಕಡೆ. ಆಲ್ಟ್ರೋಜ್‌ನ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ಅದು ಖಾಲಿ ಕಾರಿನ ಅಳತೆ. ಐದು ಜನ ಕೂತರೆ ಇಳಿಯುತ್ತದೆ. ನಮ್ಮ ಬಡಾವಣೆಗಳ ಹಂಪ್‌ಗಳಿಗೆ ಒಂದು ಅಳತೆ ಅಂತ ಇಲ್ಲ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ಇಳಿಜಾರು ಕಡಿದಾಗಿದ್ದರೆ ಬುಕ್ ಮಾಡುವ ಮುಂಚೆ ಟೆಸ್ಟ್ ಡ್ರೈವ್ ಕಾರನ್ನು ಅಲ್ಲಿಗೇ ತರಿಸಿ ಇಳಿಸಿ ನೋಡಿ.

ಅಜ್ಜಿ, ಮಕ್ಕಳು, ಲಗೇಜು ಎಲ್ಲಾ ಹಿಡಿಯುತ್ತಾ?

ಡಿಕ್ಕಿ ಆಲ್ಟ್ರೋಜ್‌ನಲ್ಲಿ 345 ಲೀಟರ್, ಐ20ಯಲ್ಲಿ 311, ಪೋಲೋದಲ್ಲಿ 280, ಸ್ವಿಫ್ಟ್‌ನಲ್ಲಿ 265. ಲೀಟರ್ ಲೆಕ್ಕಕ್ಕಿಂತ ಡಿಕ್ಕಿಯ ಅಂಚು ಎಷ್ಟು ಎತ್ತರ ಇದೆ ಅನ್ನುವುದನ್ನು ನೋಡಿ. 25 ಕೆಜಿ ಅಕ್ಕಿ ಮೂಟೆಯನ್ನು ಆ ಅಂಚಿನ ಮೇಲೆ ಎತ್ತಿ ಒಳಗೆ ಇಳಿಸಬೇಕು, ತೆಗೆಯುವಾಗ ಬಗ್ಗಿ ಮತ್ತೆ ಮೇಲೆತ್ತಬೇಕು. ಸೊಂಟಕ್ಕೆ ಕೆಲಸ ಅಲ್ಲಿದೆ.

ಹಿರಿಯರಿಗೆ ಕಷ್ಟ ಆಗುವುದು ಕೂರುವುದಕ್ಕಿಂತ ಏಳುವುದು. ಸೀಟು ಕೆಳಗಿದ್ದರೆ ಮೊಣಕಾಲಿನ ಮೇಲೆ ಪೂರ್ತಿ ಭಾರ ಬೀಳುತ್ತದೆ. ಆಲ್ಟ್ರೋಜ್‌ನ ಬಾಗಿಲು 90 ಡಿಗ್ರಿವರೆಗೆ ತೆರೆಯುತ್ತದೆ, ಹೊರಗಿನಿಂದ ಕೈ ಕೊಟ್ಟು ಎಬ್ಬಿಸಲು ಜಾಗ ಸಿಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದೊಂದೇ ಕಾರಣಕ್ಕೆ ಆ ಕಾರಿಗೆ ನನ್ನ ಓಟು. ಇನ್ನು ಒಳಗಿನ ಬಣ್ಣ. ಸ್ಪೋರ್ಟಿ ಅಂದರೆ ಸೀಟಿನಿಂದ ಚಾವಣಿವರೆಗೆ ಕಪ್ಪು ಅಂತ ಕಂಪನಿಗಳು ತೀರ್ಮಾನಿಸಿವೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ನಿಲ್ಲಿಸಿದ ಕಪ್ಪು ಸೀಟಿನ ಮೇಲೆ ಕೂರಲು ಆಗುವುದಿಲ್ಲ. ಹಿಂದಿನ ಸೀಟಿಗೂ ಎಸಿ ಗಾಳಿ ಬರುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ.

ಮೈಲೇಜ್ ಎಷ್ಟು ಬರುತ್ತೆ? ದುಬಾರಿ ಪೆಟ್ರೋಲೇ ಹಾಕಬೇಕಾ?

ಬೆಂಗಳೂರಿನ ಪೀಕ್ ಅವರ್‌ನಲ್ಲಿ ಟರ್ಬೋ ಪೆಟ್ರೋಲ್‌ಗೆ ಲೀಟರ್‌ಗೆ 9ರಿಂದ 12 ಕಿ.ಮೀ. ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ 10 ಕೊಡುವ ಕಾರಿಗೂ 15 ಕೊಡುವ ಕಾರಿಗೂ 33 ಲೀಟರ್ ವ್ಯತ್ಯಾಸ. ಲೀಟರ್‌ಗೆ ನೂರು ರೂಪಾಯಿ ಮೇಲಿರುವಾಗ ತಿಂಗಳಿಗೆ ಮೂರು ಸಾವಿರಕ್ಕೂ ಜಾಸ್ತಿ. ಆ ಮೊತ್ತ ಮನೆ ಬಜೆಟ್‌ನಲ್ಲಿ ನೋವು ಕೊಡುವುದಾದರೆ ಟರ್ಬೋ ಆಸೆ ಮುಂದಕ್ಕೆ ಹಾಕುವುದೇ ಸರಿ.

ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕರ್ ಏನು ಹೇಳುತ್ತದೋ ಅದನ್ನು ಹಾಕಿ. ಸಾದಾ ಪೆಟ್ರೋಲ್‌ಗೆ ಹೊಂದಿಸಿದ ಎಂಜಿನ್‌ಗೆ ದುಬಾರಿಯದು ಹಾಕಿದರೆ ದುಡ್ಡು ಖರ್ಚಾಗುತ್ತದೆ, ಅಷ್ಟೇ. ಬಂಕ್‌ನಲ್ಲಿ ಈಗ ಸಿಗುವುದು ಇ20, ಅಂದರೆ ಐದರಲ್ಲಿ ಒಂದು ಪಾಲು ಎಥೆನಾಲ್. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. 2023ರ ಏಪ್ರಿಲ್ ನಂತರ ತಯಾರಾದ ಕಾರಿಗೆ ಚಿಂತೆ ಬೇಡ. ಅದಕ್ಕಿಂತ ಹಳೆಯ ಟರ್ಬೋ ಕಾರು ಕೊಳ್ಳುವುದಾದರೆ ಇಂಧನದ ರಬ್ಬರ್ ಪೈಪುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.

ಆನ್ ರೋಡ್ ಬೆಲೆಯಲ್ಲಿ ಎಲ್ಲಿ ಹೊಡೆತ ಬೀಳುತ್ತೆ?

ಕರ್ನಾಟಕದ ರಸ್ತೆ ತೆರಿಗೆಯಲ್ಲಿ. ಐದರಿಂದ ಹತ್ತು ಲಕ್ಷದ ಕಾರಿಗೆ 14%, ಹತ್ತು ದಾಟಿದರೆ 17%, ಅದರ ಮೇಲೆ ಸೆಸ್. 9.95 ಲಕ್ಷದ ಕಾರಿಗೆ ತೆರಿಗೆ 1,39,300 ರೂಪಾಯಿ. 10.05 ಲಕ್ಷದ ಕಾರಿಗೆ 1,70,850. ಕಾರಿನ ಬೆಲೆಯಲ್ಲಿ ಹತ್ತು ಸಾವಿರ ವ್ಯತ್ಯಾಸ, ತೆರಿಗೆಯಲ್ಲಿ ಮೂವತ್ತೊಂದು ಸಾವಿರಕ್ಕೂ ಜಾಸ್ತಿ! ಸ್ಪೋರ್ಟಿ ಹ್ಯಾಚ್‌ಗಳ ವೇರಿಯಂಟ್‌ಗಳು ಸರಿಯಾಗಿ ಈ ಹತ್ತು ಲಕ್ಷದ ಗೆರೆಯ ಆಚೆ ಈಚೆ ಬೀಳುತ್ತವೆ. ಸನ್‌ರೂಫ್ ಆಸೆಗೆ ಗೆರೆ ದಾಟುವ ಮುಂಚೆ ಈ ಲೆಕ್ಕ ಹಾಕಿ.

ಒಂದು ಸಣ್ಣ ಲಾಭವೂ ಇದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ದರ ಎಂಜಿನ್‌ನ ಸಿಸಿ ನೋಡಿ ಹಾಕುತ್ತಾರೆ. 998 ಸಿಸಿಯ ಎನ್ ಲೈನ್ ಸಾವಿರದೊಳಗಿನ ಕಡಿಮೆ ದರಕ್ಕೆ ಬರುತ್ತದೆ, 1197 ಸಿಸಿಯ ಸ್ವಿಫ್ಟ್ ಬರುವುದಿಲ್ಲ.

ಹಳೇ ಪೋಲೋ ಜಿಟಿ ಟಿಎಸ್‌ಐ ತಗೊಳ್ಳಬಹುದಾ?

ತಗೊಳ್ಳಬಹುದು, ಯಾವ ಪೋಲೋ ಅಂತ ತಿಳಿದುಕೊಂಡು. 2013ರಿಂದ ಬಂದದ್ದು 1.2 ಲೀಟರ್, 105 ಪಿಎಸ್, 7 ಸ್ಪೀಡ್ ಡಿಎಸ್‌ಜಿ. 2020ರಲ್ಲಿ ಎಂಜಿನ್ 1 ಲೀಟರ್ ಆಯಿತು, 110 ಪಿಎಸ್. ಆಟೋಮ್ಯಾಟಿಕ್ ಗೇರ್‌ಬಾಕ್ಸ್ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಯಿತು. 2022ರಲ್ಲಿ ಪೋಲೋ ತಯಾರಿಕೆಯೇ ನಿಂತಿತು. ದಿನಾ ಓಡಿಸಲು 2020ರ ನಂತರದ್ದೇ ನನ್ನ ಆಯ್ಕೆ.

ಡಿಎಸ್‌ಜಿಯದ್ದೇ ಬೇಕು ಅನ್ನುವವರು ಹೀಗೆ ನೋಡಿ. ಮಾರುವವರಿಗೆ ‘ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಬೇಡಿ, ನಾನೇ ಬಂದು ಮಾಡುತ್ತೇನೆ’ ಅಂತ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ, ತಣ್ಣಗಿರಬೇಕು. ಸ್ಟಾರ್ಟ್ ಮಾಡಿ ಒಂದರಿಂದ ಎರಡನೇ ಗೇರ್‌ಗೆ ಹೋಗುವಾಗ ನಡುಕ ಇದೆಯಾ ಗಮನಿಸಿ. ಅರ್ಧ ಗಂಟೆ ಟ್ರಾಫಿಕ್‌ನಲ್ಲಿ ಓಡಿಸಿ ಬಿಸಿಯಾದ ಮೇಲೆ ಏರಿನಲ್ಲಿ ರಿವರ್ಸ್ ಹಾಕಿ ನಿಧಾನಕ್ಕೆ ಹತ್ತಿಸಿ. ಅದುರಿದರೆ ಕ್ಲಚ್ ಪ್ಯಾಕ್ ಅಥವಾ ಮೆಕಾಟ್ರಾನಿಕ್ಸ್ (ಗೇರ್‌ಬಾಕ್ಸ್ ನಿಯಂತ್ರಿಸುವ ಭಾಗ) ಕೆಲಸ ಬಾಕಿ ಇದೆ ಅಂತ ಅರ್ಥ. ಆ ಬಿಲ್ ಲಕ್ಷದ ಲೆಕ್ಕದಲ್ಲಿ ಬರುತ್ತದೆ. ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ದರೆ ಇಲ್ಲಿನ ತೆರಿಗೆಯನ್ನೂ ಬೆಲೆಗೆ ಸೇರಿಸಿ ಚೌಕಾಸಿ ಮಾಡಿ. ಹಿಂದಿನ ಸೀಟಿನಲ್ಲಿ ಕಾಲಿಗೆ ಜಾಗ ಕಡಿಮೆ, ಅದು ಯಾವ ವರ್ಷದ ಪೋಲೋ ಆದರೂ ಅಷ್ಟೇ.

ಅದೇ ದುಡ್ಡಿಗೆ ಚಿಕ್ಕ ಎಸ್‌ಯುವಿ ಬರುತ್ತಲ್ಲ?

ಬರುತ್ತದೆ. ಅದೇ ಎಂಜಿನ್ ಕೂಡ ಬರುತ್ತದೆ. ಆಲ್ಟ್ರೋಜ್ ರೇಸರ್‌ನ 120 ಪಿಎಸ್ ಎಂಜಿನ್ ನೆಕ್ಸಾನ್‌ನದ್ದು. ಎನ್ ಲೈನ್‌ನ ಎಂಜಿನ್ ವೆನ್ಯೂದಲ್ಲೂ ಇದೆ. ಎಂಜಿನ್ ಒಂದೇ ಆದರೂ ಕಾರಿನ ಸ್ವಭಾವ ಬೇರೆ. ಎತ್ತರದ ಕಾರು ತಿರುವಿನಲ್ಲಿ ವಾಲುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಹಿಂದೆ ಕೂತ ಮಗು ಎಷ್ಟು ಆಚೀಚೆ ತೂರಾಡುತ್ತದೆ ನೋಡಿದರೆ ಸಾಕು. ಹ್ಯಾಚ್‌ಬ್ಯಾಕ್ ಹಗುರ, ನೆಲಕ್ಕೆ ಹತ್ತಿರ, ಸಂದಿಯಲ್ಲಿ ಪಾರ್ಕ್ ಮಾಡುವುದು ಸಲೀಸು.

ಆದರೆ ಮಲೆನಾಡಿನ ತೋಟದ ಮನೆಗೆ ಮಣ್ಣು ರಸ್ತೆಯಲ್ಲಿ ವಾರ ವಾರ ಹೋಗುವವರು, ಮಳೆಗೆ ನೀರು ನಿಲ್ಲುವ ಲೇಔಟ್‌ನಲ್ಲಿರುವವರು ಎಸ್‌ಯುವಿಯನ್ನೇ ತಗೊಳ್ಳಿ. ಇಲ್ಲಿ ಹಟ ಬೇಡ.

ಸ್ವಿಫ್ಟ್ ಸಾಲಲ್ವಾ?

ಬಹಳ ಜನರಿಗೆ ಸಾಲುತ್ತದೆ, ಮನಸಾರೆ ಹೇಳುತ್ತಿದ್ದೇನೆ. 2024ರಲ್ಲಿ ಬಂದ ನಾಲ್ಕನೇ ತಲೆಮಾರಿನ ಸ್ವಿಫ್ಟ್‌ನಲ್ಲಿ 82 ಪಿಎಸ್, 112 ಎನ್‌ಎಂ ಮಾತ್ರ. ಆದರೆ ತೂಕ 900 ಚಿಲ್ಲರೆ ಕೆಜಿ. ಹಗುರವಾದ ಕಾರು ನಿಧಾನ ವೇಗದಲ್ಲೂ ಚುರುಕು ಅನಿಸುತ್ತದೆ. ಮ್ಯಾನ್ಯುಯಲ್‌ನ ಕಂಪನಿ ಲೆಕ್ಕದ ಮೈಲೇಜ್ 24.8. ಸಿಟಿ ಬಿಟ್ಟು ಹೊರಗೆ ಹೋಗುವುದೇ ಅಪರೂಪ ಅನ್ನುವವರು ಸುಮ್ನೆ ಟರ್ಬೋಗೆ ದುಡ್ಡು ಸುರಿಯಬೇಡಿ. ಹೊರದೇಶಗಳಲ್ಲಿ ಸಿಕ್ಕ ಸ್ವಿಫ್ಟ್ ಸ್ಪೋರ್ಟ್ ನಮಗೆ ಬರಲೇ ಇಲ್ಲ, ಅದು ಬೇಸರದ ವಿಷಯ.

ರೀಮ್ಯಾಪ್, ಸೌಂಡ್ ಬರುವ ಸೈಲೆನ್ಸರ್ ಹಾಕಿಸಬಹುದಾ?

ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್‌ನ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದರೆ ಎಂಜಿನ್, ಗೇರ್‌ಬಾಕ್ಸ್ ವಾರಂಟಿ ಕೈಬಿಟ್ಟಂತೆ. ಇನ್ಶೂರೆನ್ಸ್‌ನವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ಸಮಯದಲ್ಲಿ ತಕರಾರು ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಸೈಲೆನ್ಸರ್ ಅಂತೂ ಬೇಡವೇ ಬೇಡ. ರಾತ್ರಿ ಹನ್ನೊಂದಕ್ಕೆ ಬೀದಿಯಲ್ಲಿ ಮಲಗಿದ ಮಕ್ಕಳಿರುತ್ತಾರೆ.

ವೇಗವಾಗಿ ಓಡಿಸುವ ಆಸೆ ಇದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ. ಟ್ರ್ಯಾಕ್ ಡೇ ಇದ್ದಾಗ ಹೋಗಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಕ್ಯಾಮೆರಾ ಇದೆ, ರಸ್ತೆ ದಾಟುವ ಜನರೂ ಇದ್ದಾರೆ.

ಹೊಸ ಟರ್ಬೋ ಕಾರನ್ನು ಮೊದಮೊದಲು ಹೇಗೆ ಓಡಿಸಬೇಕು?

ಮೊದಲ ಸಾವಿರ ಕಿ.ಮೀ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ವೇಗ ಬದಲಿಸುತ್ತಿರಿ. ಎಂಜಿನ್ ಬಿಸಿಯಾಗುವ ಮುಂಚೆ ಜೋರಾಗಿ ಆಕ್ಸಿಲರೇಟರ್ ತುಳಿಯಬೇಡಿ. ಘಾಟಿ ಹತ್ತಿ ಮೇಲೆ ಕಾಫಿಗೆ ನಿಲ್ಲಿಸಿದರೆ ಕೀ ತಿರುಗಿಸುವ ಮುಂಚೆ ಅರ್ಧ ನಿಮಿಷ ಎಂಜಿನ್ ಹಾಗೇ ಓಡಲಿ. ಟರ್ಬೋ ಬೇರಿಂಗ್‌ಗೆ ಎಣ್ಣೆ ಹರಿದು ತಂಪಾಗುತ್ತದೆ. ಎಂಜಿನ್ ಆಯಿಲ್ ಕಂಪನಿ ಹೇಳಿದ ಗ್ರೇಡ್‌ನದ್ದೇ ಹಾಕಿಸಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕಿಲೋಮೀಟರ್ ಕಡಿಮೆ ಓಡಿದರೂ ಎಂಜಿನ್ ಓಡಿದ ಗಂಟೆ ಜಾಸ್ತಿ ಇರುತ್ತದೆ. ಹಾಗಾಗಿ ಕಿಲೋಮೀಟರ್ ಆಗಲಿ ಅಂತ ಕಾಯದೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ.